ಆಕ್ಷೇಪಣೆ ಸಂಖ್ಯೆ ಹದಿನಾಲ್ಕು

ಲೆಕ್ಕ ತಪಾಸಣೆಗೆ ಬಂದವರು ಮಂಡಕ್ಕಿ ಮೆಣಸಿನಕಾಯಿ ತಿಂದರು,
ನಮ್ಮ ನೀರು ಬೇಡ ಅಂದರು, ಬಾಟಲಿ ತಂದಿದ್ದರು.
ಕೈ ಒರೆಸಿಕೊಂಡು ಹಸಿರು ಶಾಯಿಯಲ್ಲಿ ಬರೆದರು:
‘ಸಾಂಕ್ರಾಮಿಕ ರೋಗ ಮುಂಜಾಗ್ರತೆ,
ನಲವತ್ತೊಂದು ಸಾವಿರದ ಆರುನೂರ ಅರವತ್ತು.
ಸದರಿ ವರ್ಷ ಗ್ರಾಮದಲ್ಲಿ ಯಾವುದೇ ರೋಗ ಕಂಡುಬಂದಿರುವುದಿಲ್ಲ.
ವೆಚ್ಚದ ಅಗತ್ಯವನ್ನು ಸಮರ್ಥಿಸುವುದು.’

ಸಮರ್ಥಿಸುವುದು.
ಗಡುವು ಮೂವತ್ತು ದಿನ, ಇವತ್ತಿಗೆ ಇಪ್ಪತ್ತಾರು.
ಪಂಚಾಯ್ತಿಯ ಲೆಕ್ಕ ಸಹಾಯಕಿ ನಾನು,
ಕೂಡುವುದು ಕಳೆಯುವುದು ನನ್ನ ಕಸುಬು.
ಬಾರದೇ ಹೋದದ್ದನ್ನು ಯಾವ ಕಾಲಮ್ಮಿನಲ್ಲಿ ಕೂಡಲಿ?

ಅದರ ಹಿಂದಿನ ವರ್ಷದ್ದಾದರೆ ಸಲೀಸು.
ಈ ಶೀರ್ಷಿಕೆಯಲ್ಲಿ ಆಗ ಇದ್ದದ್ದೇ ಐದು ಸಾವಿರ,
ಅದೂ ಬೀದಿದೀಪದ ಬಾಕಿಗೆ ಹೋಗಿತ್ತು, ಸರ್ವಾನುಮತದಿಂದ.
ನೀರಿನ ಪೈಪು ಚರಂಡಿಯೊಳಗೇ ಹಾದಿತ್ತು,
ಎಲ್ಲರಿಗೂ ಗೊತ್ತಿತ್ತು.
ಕೆಳಗಿನ ಹಟ್ಟಿಯಲ್ಲಿ ವಾಂತಿಭೇದಿ ಶುರುವಾದ ಭಾನುವಾರ
ಶಾಲೆಯ ಬೀಗದ ಕೈ ಮೇಷ್ಟ್ರ ಜೇಬಲ್ಲಿ, ಮೇಷ್ಟ್ರು ಮದುವೆಯಲ್ಲಿ.
ಬೀಗ ಒಡೆಯಲಿಕ್ಕೇ ಮುಕ್ಕಾಲು ಗಂಟೆ.
ಮಗ್ಗಿ ಬರೆದ ಗೋಡೆಗೆ ಮೊಳೆ ಹೊಡೆದು ಗ್ಲೂಕೋಸು ತೂಗಿಹಾಕಿದರು,
ಏಳೆಂಟ್ಲೆ ಐವತ್ತಾರರ ಕೆಳಗೆ ಒಬ್ಬರು,
ಏಳೊಂಬತ್ಲೆ ಅರವತ್ತಮೂರರ ಕೆಳಗೆ ಇಬ್ಬರು.
ಮೊಳಕಾಲ್ಮೂರಿಗೆ ಫೋನು. ಆಂಬುಲೆನ್ಸು ದುರ್ಗಕ್ಕೆ ಹೋಗಿತ್ತು.

ಮಗ್ಗದ ಗಾದ್ರಮ್ಮ ಹೋದಳು,
ಸೆರಗು ಇನ್ನೂ ಮಗ್ಗದ ಮೇಲೇ ಇತ್ತು.
ಇನ್ನೊಬ್ಬಳಿಗೆ ಹೆಸರಿಟ್ಟಿರಲಿಲ್ಲ.
ಪರಿಹಾರದ ಕಡತದಲ್ಲಿ ‘ಹೆಣ್ಣು ಮಗು’ ಎಂದು ಬರೆದವಳು ನಾನೇ.
ಆ ಚೆಕ್ಕುಗಳಿಗೆ ಯಾರೂ ಆಕ್ಷೇಪಣೆ ಎತ್ತಲಿಲ್ಲ.
ಸತ್ತವರ ಲೆಕ್ಕ ಮೊದಲ ಸಲಕ್ಕೇ ತಾಳೆಯಾಗುತ್ತದೆ.

ಮುಂದಿನ ಬಜೆಟ್ ಸಭೆಗೆ ಆಶಾ ಸಣ್ಣೋಬಕ್ಕ ಬಂದಿದ್ದು
ತನ್ನ ಬಾಕಿ ಗೌರವಧನ ಕೇಳಲಿಕ್ಕೆ.
ಅದನ್ನು ಕೇಳಲೇ ಇಲ್ಲ.
‘ಐದು ಸಾವಿರಕ್ಕೆ ಇನ್ನೊಂದು ಸೊನ್ನೆ ಸೇರಿಸ್ರಿ’ ಅಂದಳು.
ಮೆಂಬರ್ ಪೆನ್ನಪ್ಪ ನಕ್ಕರು:
‘ಬರದಿರೋ ಕಾಯ್ಲೆಗೆ ದುಡ್ಡು ಎತ್ತಿಡೋದು ಅಂದ್ರೆ
ಎಲೆ ಹಾಕಿ ಕರೆದಂಗೆ ಅಲ್ಲೇನಮ್ಮಾ?’
‘ಬೆಂಕಿ ಬಿದ್ಮೇಲೆ ಬಾವಿ ತೋಡೋ ಜನ ನಾವು,’ ಅಂದಳು,
‘ನಮ್ಮ ಸೀಮೆ ಬಾವಿ ಸಾವ್ಕಾರ್ರೇ,
ತೋಡಿದ್ರೂ ನೀರು ಬೀಳಲ್ಲ.’
ಫ್ಯಾನು ತಿರುಗಿತು. ಸೊನ್ನೆ ಬಿತ್ತು.

ಬ್ಲೀಚಿಂಗ್ ಪುಡಿ. ಓಆರ್‌ಎಸ್ ಪೊಟ್ಟಣ ನಾನೂರು.
ಪೈಪನ್ನು ಚರಂಡಿಯಿಂದ ಮೇಲೆತ್ತಿದ ಕೂಲಿ.
ಒಂದು ಪುಟ್ಟ ಡಬ್ಬಿ, ಗಾಜಿನ ಕೊಳವೆ, ಹನಿ ಔಷಧಿ:
ವಾಟರ್‌ಮನ್ ಕ್ಯಾತಲಿಂಗ ಬೆಳಗಿನ ಜಾವ ಟ್ಯಾಂಕಿನ ಹತ್ತಿರ
ಕೊಳವೆ ಅಲುಗಾಡಿಸಿ ಬೆಳಕಿಗೆ ಹಿಡಿಯುತ್ತಾನೆ.
ತಂಗಡಿ ಹೂವಿನ ಬಣ್ಣ ಬಂದರೆ ವಾಲ್ವು ತಿರುಗಿಸುತ್ತಾನೆ,
ಬಾರದಿದ್ದರೆ ತಿರುಗಿಸುವುದಿಲ್ಲ.
ಆ ದಿನ ಕೊಡ ಹಿಡಿದವರೆಲ್ಲ ಅವನ ವಂಶ ಜಾಲಾಡುತ್ತಾರೆ.
ಬಂದ ದಿನ, ನೀರು ವಾಸನೆ ಅಂತ ನನ್ನದು.

ಮೊದಲ ಸಲ ಉತ್ತರ ಬರೆದೆ:
‘ವೆಚ್ಚ ಮಾಡಿದ್ದರಿಂದಲೇ ಕಂಡುಬಂದಿರುವುದಿಲ್ಲ.’
ಪಿಡಿಒ ಅಸ್ಮಾ ಬಾನು ಕನ್ನಡಕ ಏರಿಸಿದರು:
‘ನಿಜ. ಆದ್ರೆ ಲಗತ್ತು ಏನಿಡ್ತೀರಿ?’

ಏನಿಡಲಿ.
ಕಿಟಕಿಯಾಚೆ ಗಾದ್ರಮ್ಮನ ಮೊಮ್ಮಗ
ಹುಣಸೆ ಮರಕ್ಕೆ ಕಲ್ಲು ಬೀರುತ್ತಿದ್ದಾನೆ,
ಅವನಿಗೆ ರಬ್ಬರ್ ಸ್ಟಾಂಪು ಒತ್ತಿ ಕಳಿಸಲಾಗುವುದಿಲ್ಲ.

ಕೊನೆಗೆ ಆ ಅರವತ್ತು ರೂಪಾಯಿಯ ವೋಚರು ಲಗತ್ತಿಸಿದ್ದೇನೆ:
ಶಾಲೆಯ ಬೀಗದ ಕೈ, ನಕಲು, ಒಂದು.
ಬೀರುವಿನಲ್ಲಿದೆ. ಈವರೆಗೆ ಬಳಸಿರುವುದಿಲ್ಲ.
ತುಕ್ಕು ಹಿಡಿಯದ ಹಾಗೆ ತಿಂಗಳಿಗೊಮ್ಮೆ ಎಣ್ಣೆ ಸವರಲಾಗುತ್ತಿದೆ.
ಎಣ್ಣೆಯ ಖರ್ಚು ಪಂಚಾಯ್ತಿಗೆ ಹಾಕಿಲ್ಲ.