ಆರು ಮಂಜೊಟ್ಟಿ

ಹನ್ನೊಂದು ವರ್ಷ ಸ್ಕೋರು ಬರೆದೆ, ಪೆನ್ಸಿಲ್ಲಿನಲ್ಲಿ.
ತಪ್ಪಿದರೆ ಅದರ ಬುಡದಲ್ಲೇ ರಬ್ಬರಿತ್ತು.
ಒಂದು ರನ್ನು ಹೆಚ್ಚೋ ಕಮ್ಮಿಯೋ,
ಚಹಾದ ಹೊತ್ತಿಗೆ ಮೆಲ್ಲಗೆ ಸರಿಮಾಡಿಕೊಂಡರಾಯಿತು.

ಇವತ್ತು ಆಜಾದ್ ಮೈದಾನದಲ್ಲಿ
ಅಂಪೈರಿನ ಬಿಳಿ ಕೋಟು ನನ್ನ ಮೈಮೇಲೆ, ಎರಡು ಸೈಜು ದೊಡ್ಡದು.
ಬಲಜೇಬಿನಲ್ಲಿ ಆರು ಮಂಜೊಟ್ಟಿ,
ಮುಲ್ಕಿಯ ಅಜ್ಜಿಯ ಚೆನ್ನೆಮಣೆಯಿಂದ ಕೇಳದೆ ತಂದದ್ದು.
ಎಸೆತಕ್ಕೊಂದರಂತೆ ಎಡಜೇಬಿಗೆ.

ಇಲ್ಲಿ ಒಂದೇ ಹುಲ್ಲಿನ ಮೇಲೆ ಇಪ್ಪತ್ತು ಪಂದ್ಯ.
ನಮ್ಮ ಸ್ಲಿಪ್ಪಿನವನ ಬೆನ್ನಿಗೆ ಬೆನ್ನು ಕೊಟ್ಟು ನಿಂತವನು
ಇನ್ಯಾರದೋ ಕವರ್ ಪಾಯಿಂಟು.
ಮೂರನೇ ಓವರಿನಲ್ಲಿ ಟಕ್ ಅಂದಿತು.
ಕೀಪರ್ ಹಾರಿದ, ಕೂಗಿದ.
ಆ ಟಕ್ಕು ನಮ್ಮದೋ, ಪಕ್ಕದ ಪಂದ್ಯದ್ದೋ?
ಕೈ ಏಳಲಿಲ್ಲ.
ಬ್ಯಾಟಿನವನು ನೆಲ ನೋಡಿ ನಕ್ಕ.
ಆ ನಗೆಯೇ ತೀರ್ಪು. ತಡವಾಗಿ ತಿಳಿಯಿತು.

ಆಮೇಲೆ ತಲೆಯೊಳಗೆ ಪಂಚಾಯಿತಿ ಕೂತಿತು:
ಹಳೇ ಅಂಪೈರ್ ಘಾಣೇಕರ್,
“ಬಾಯಿ, ಕಾಯಿದೆ ಪುಸ್ತಕ ನಿಮಗೆ ಬಾಯಿಪಾಠ, ಸರಿ. ಆಟ?”
ಪಕ್ಕದಲ್ಲಿ, ಕೈಯೆತ್ತಿ ತಪ್ಪು ಉತ್ತರ ಹೇಳಿದ
ಏಳನೇ ಕ್ಲಾಸಿನ ನಾನು.
ಆ ಓವರಿನಲ್ಲಿ ಏಳು ಎಸೆತ ಹಾಕಿಸಿಬಿಟ್ಟೆ.
ಮಂಜೊಟ್ಟಿ ಲೆಕ್ಕ ಸರಿಯಾಗಿಯೇ ಇತ್ತು.
ನಾನೇ ನಂಬಲಿಲ್ಲ.

ಮೂವತ್ತೊಂದನೇ ಓವರು. ಬಿಸಿಲು ಈಗ ವಿ.ಟಿ. ಗುಮ್ಮಟದ ಮೇಲೆ.
ಕ್ರೀಸಿನಲ್ಲಿ ವಿಮಾ ಕಂಪನಿಯ ಕ್ಯಾಪ್ಟನ್, ಎಂಬತ್ತೆಂಟು ರನ್ನು,
ಇಡೀ ಮೈದಾನ ದಾಜಿ ಎಂದು ಕರೆಯುವವರು.
ಬೌಲರು ಹೊಸ ಹುಡುಗ.
ಚೆಂಡು ತಗ್ಗಿ ಬಂದು ಪ್ಯಾಡಿಗೆ ಬಡಿಯಿತು.
ಕೂಗಿದ್ದು ಅವನೊಬ್ಬನೇ. ಅದೂ ಅರ್ಧ,
ಕೇಳಬಹುದೋ ಬಾರದೋ ಎಂಬಂತೆ.

ಆ ಅರ್ಧ ದನಿ ನನಗೆ ಗೊತ್ತು.
ಹನ್ನೊಂದು ವರ್ಷ ನಾನು ಮಾತಾಡಿದ್ದು ಅದರಲ್ಲೇ.

ಎಲ್ಲಿ ಬಿತ್ತು, ಕಂಡಿದ್ದೆ.
ಎಲ್ಲಿ ತಾಗಿತು, ಕಂಡಿದ್ದೆ.
ಎಲ್ಲಿಗೆ ಹೋಗುತ್ತಿತ್ತು?
ಅದನ್ನು ಯಾರೂ ಕಾಣುವುದಿಲ್ಲ,
ಹೇಳಬೇಕಷ್ಟೆ.

ಬೆರಳೆತ್ತಿದೆ.
ನಡುಗಿತು. ನಡುಗುತ್ತಲೇ ನೆಟ್ಟಗಿತ್ತು.
ದಾಜಿ ನೋಡಿದರು. ನೋಡುತ್ತಲೇ ನಿಂತರು.
ಪಕ್ಕದ ಪಂದ್ಯದ ಕವರ್ ಪಾಯಿಂಟೂ ತಿರುಗಿ ನೋಡಿದ.
ಅವರು ಗೆರೆ ದಾಟುವ ತನಕ ಬೆರಳಿಳಿಸಲಿಲ್ಲ.

ಸರಿಯೋ ತಪ್ಪೋ ಕೇಳಬೇಡಿ.
ಸಂಜೆಯ ಲೋಕಲ್ಲಿನಲ್ಲಿ, ಮುಲುಂಡಿನವರೆಗೂ ನಿಂತೇ,
ಜೇಬು ತಡವಿದೆ. ಐದೇ.
ಒಂದು ಅಲ್ಲೇ ಹುಲ್ಲಿನಲ್ಲಿ ಬಿದ್ದಿರಬೇಕು,
ಕೈಯೆತ್ತಿದ ರಭಸಕ್ಕೆ.

ಬರುವ ಭಾನುವಾರ ಮತ್ತೆ ಮ್ಯಾಚಿದೆ.
ಆರನೆಯದಕ್ಕೆ ಕೋಟಿನ ಗುಂಡಿಯೊಂದನ್ನು ಕಿತ್ತಿಟ್ಟುಕೊಂಡಿದ್ದೇನೆ.
ಹೇಗೂ ಅದನ್ನು ನನ್ನ ಅಳತೆಗೆ ಹೊಲಿಸುವುದಿದೆ.