ವಾಷರು

ಬನ್ನೇರುಘಟ್ಟದ ಕೊನೇ ಸ್ಟಾಪಿನಲ್ಲಿಳಿದು
ಮತ್ತೆ ಆರು ಕಿಲೋಮೀಟರು ನಡೆದಿದ್ದೆವು,
ಎನ್ನೆಸ್ಸೆಸ್ಸಿನ ಹನ್ನೊಂದು ಜನ,
ಟೋಪಿ, ಗ್ಲೂಕೋಸ್ ಬಿಸ್ಕತ್ತು, ಒಂದು ಫ್ಲೆಕ್ಸು.
‘ಸುಸ್ಥಿರ ಗ್ರಾಮ’ ಎಂದಿತ್ತು ಅದರಲ್ಲಿ, ಹಸಿರು ಅಕ್ಷರ.
ಕಟ್ಟಲು ಎರಡು ಕಂಬ ಹುಡುಕಿದೆವು.
ಸೀಗೆಕಟ್ಟೆ ದೊಡ್ಡಿಯಲ್ಲಿ ಕಂಬವೇ ಇರಲಿಲ್ಲ.

ಹತ್ತೊಂಬತ್ತು ಮನೆ, ಇರುಳಿಗರವು.
ರಾತ್ರಿ ಗುಡ್ಡದಾಚೆ
ಎಲೆಕ್ಟ್ರಾನಿಕ್ ಸಿಟಿಯ ಬೆಳಕು ಮೋಡಕ್ಕೆ ತಾಗಿ
ಯಾರದೋ ಮನೆಯ ಒಲೆಯ ಹಾಗೆ ಕಾಣುತ್ತದೆ.
ಇದೂ ಬೆಂಗಳೂರೇ, ರೇಷನ್ ಕಾರ್ಡಿನ ಪ್ರಕಾರ.

ಮೇಲಿನ ಒರತೆಯಿಂದ ದೊಡ್ಡಿಗೆ ಟೇಪು ಹಿಡಿದೆವು:
ನಾನೂರ ಹನ್ನೆರಡು ಮೀಟರು.
ಕುಳ್ಳಮ್ಮಜ್ಜಿ ನಕ್ಕಳು. ಅವಳ ಲೆಕ್ಕದಲ್ಲಿ
ಬಿಂದಿಗೆ ಸೊಂಟದಿಂದ ಸೊಂಟಕ್ಕೆ ಮೂರು ಸಲ ಬದಲಾಗುವಷ್ಟು,
ಬಸುರಿಯಾದರೆ ಐದು.
ನಾನು ಮೀಟರನ್ನಷ್ಟೇ ಬರೆದುಕೊಂಡೆ.

ಕರಿ ಪೈಪು ನೇರ ಎಳೆದೆವು. ನೇರವೆಂದರೆ ಕಡಿಮೆ ಖರ್ಚು.
‘ಅಲ್ಲಿ ಬ್ಯಾಡ’ ಅಂದಿದ್ದ ಮುದ್ದಯ್ಯ, ಬೀಡಿ ಹಚ್ಚುತ್ತ,
ಒಂದೇ ಸಲ. ನಮಗೆ ಕೇಳಿಸಿತ್ತು.
ನೀರು ಬಂತು. ಚಪ್ಪಾಳೆ, ಫೋಟೊ.
ನಾಲ್ಕನೇ ರಾತ್ರಿ ಆನೆ
ತನ್ನ ದಾರಿಯಲ್ಲಿ ತಾನು ನಡೆದುಹೋಯಿತು.

ಬೆಳಿಗ್ಗೆ ಚಪ್ಪಟೆ ಪೈಪಿನ ಮುಂದೆ ಕೂತವರಿಗೆ
ಯಾರೂ ಏನೂ ಅನ್ನಲಿಲ್ಲ.
ಅಜ್ಜಿ ಬೇಯಿಸಿದ ಕಾಡುಗೆಣಸು ಕೊಟ್ಟಳು.
ಮುದ್ದಯ್ಯ ಎದ್ದು ನಡೆದ; ಹಿಂದೆ ನಾವು,
ಬಂಡೆಯ ಬೆನ್ನು ಬಳಸಿ, ಆನೆ ಕಾಲಿಡದ ಇಳಿಜಾರಲ್ಲಿ,
ಅವನು ನಿಂತಲ್ಲೆಲ್ಲ ಸುಣ್ಣದ ಗುರುತು ಹಾಕುತ್ತ.
ಇನ್ನೂರು ಮೀಟರು ಹೆಚ್ಚಾಯಿತು.
ಟೀ ಶರ್ಟಿಗೆಂದು ಎತ್ತಿಟ್ಟ ದುಡ್ಡು ಪೈಪಿಗೆ ಹೋಯಿತು.

ಚಿಕ್ಕಮಾದಿ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು,
ನಾನು ಸ್ಪ್ಯಾನರು ತಿರುಗಿಸುವಾಗ
ನನ್ನ ಕೈಮೇಲೇ ಕಣ್ಣಿಟ್ಟಿದ್ದಳು.
‘ಒಳಗೇನೈತೆ?’ ನಲ್ಲಿ ಬಿಚ್ಚಿ ತೋರಿಸಿದೆ:
ಉಂಗುರದಂಥ ಕರಿ ರಬ್ಬರು. ‘ಇಷ್ಟೇನಾ?’
ಇಷ್ಟೇ. ಮತ್ತೆ ಜೋಡಿಸು ಎಂದೆ. ಜೋಡಿಸಿದಳು.
ಬಿಚ್ಚಿ, ಮತ್ತೆ. ಮತ್ತೆ, ನಾನು ಹೇಳದೆ.

ಪರೀಕ್ಷೆ ಮುಗಿದು, ಮಳೆಗಾಲ ಮುಗಿದು
ಒಂದು ದಿನ ಮಿಸ್ಡ್ ಕಾಲ್. ‘ಅಕ್ಕಾ, ತೊಟ್ಟಿಕ್ತಾ ಐತೆ.’
ಎಸ್.ಪಿ. ರೋಡಿನ ಗಲ್ಲಿ ಗಲ್ಲಿ ಅಲೆದು
ಅರ್ಧ ಇಂಚಿನವು ಒಂದು ಡಜನ್ ಕಟ್ಟಿಸಿಕೊಂಡೆ.
‘ಎಷ್ಟು ಮನೆ ಕಟ್ಟಿಸ್ತಿದೀರ ಮೇಡಂ?’ ಅಂದ ಅಂಗಡಿಯವ.
ಭಾನುವಾರ ಬರ್ತೀನಿ ಎಂದು ಫೋನು ಮಾಡಿದರೆ
ಆ ಕಡೆ ಆಡು ಅರಚುತ್ತಿತ್ತು.
‘ಬ್ಯಾಡ ಕಣಕ್ಕ, ನಿಂತೋಯ್ತು.
ಅಪ್ಪನ ಹರಿದ ಹವಾಯಿ ಚಪ್ಲಿ ಇತ್ತಲ್ಲ,
ಕೊಯ್ದು ಹಾಕ್ದೆ.’

ಆಮೇಲೆ, ನೆನಪಾದವಳಂತೆ:
ನಿಮ್ಮ ಹಸಿರು ಅಕ್ಸರದ ಬಟ್ಟೆ ಆಡಿನ ಗೂಡಿಗೆ ಹೊದಿಸೀವಿ,
ಒಂದು ಹನಿ ಸೋರಿಲ್ಲ.

ಪೊಟ್ಟಣ ನನ್ನ ಬ್ಯಾಗಿನಲ್ಲೇ ಇದೆ.
ಬಸ್ಸಿನಲ್ಲಿ ಆಧಾರ್ ಕಾರ್ಡು ತಡಕುವಾಗ
ಒಂದೊಂದು ಸಲ ಕಿರುಬೆರಳಿಗೆ ಸಿಕ್ಕಿಕೊಳ್ಳುತ್ತದೆ.
ಭಾನುವಾರ ಹೇಗೂ ಹೋಗುತ್ತೇನೆ,
ಕೆಲಸವೇನೂ ಇಲ್ಲದೆ.