ಮಾರ್ಚ್ ಮೂವತ್ತೊಂದು, ಮಿಲ್ಲರ್ಸ್ ರಸ್ತೆ

ಗೇಟಿನಲ್ಲಿ ಹಿತ್ತಾಳೆ ಹಲಗೆ: 'ಸಾಗರ ನೀತಿ ಅಧ್ಯಯನ ಕೇಂದ್ರ'.
ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ
ಒಂದು ರಾತ್ರಿಯ ಬಸ್ಸು.
ಹತ್ತಿರದ ನೀರೆಂದರೆ ಹಲಸೂರು ಕೆರೆ,
ಅದರ ಬಗ್ಗೆ ನಾವು ಈವರೆಗೆ ಏನೂ ಬರೆದಿಲ್ಲ.
ಯಾರೂ ದುಡ್ಡು ಕೊಟ್ಟಿಲ್ಲ.

ನಾನು ಇಲ್ಲಿಯ ಲೆಕ್ಕದವಳು. ಹತ್ತೊಂಬತ್ತು ವರ್ಷ.
ಮಲಕ್ಕಾ ಜಲಸಂಧಿಯ ಅಗಲ ನನಗೆ ಗೊತ್ತಿಲ್ಲ;
ಅದನ್ನು ನೋಡಲು ಹೋದವರ ವಿಮಾನದ ಟಿಕೆಟ್ಟು,
ಹೋಟೆಲ್ಲಿನ ಬಿಲ್ಲು, ಒಗೆಸಿದ ಮೂರು ಅಂಗಿಗಳ ಚೀಟಿ
ಎಲ್ಲ ಗೊತ್ತು.
ಯುದ್ಧಕ್ಕೆ ನನ್ನಲ್ಲಿ ವೋಚರ್ ನಂಬರು.
ಶಾಂತಿ ಮಾತುಕತೆಗೆ ಊಟದ ಲೆಕ್ಕ:
ನಲವತ್ತು ಎಲೆ ಅಂದಿದ್ದರು, ಎದ್ದದ್ದು ಅರವತ್ತೆರಡು.

ಹೊರದೇಶದ ಹಣ ನೇರ ಬರುವಂತಿಲ್ಲ ನಮ್ಮ ಬೀದಿಗೆ.
ಮೊದಲು ದಿಲ್ಲಿಯ ಒಂದೇ ಒಂದು ಶಾಖೆಯಲ್ಲಿ ಇಳಿದು,
ಹೆಸರು ಹೇಳಿ, ಬಂದ ಕಾರಣ ಹೇಳಿ,
ಆಮೇಲೆ ದಕ್ಷಿಣಕ್ಕೆ ಹೊರಡಬೇಕು.
ಬಂದದ್ದರಲ್ಲಿ ನೂರಕ್ಕೆ ಇಪ್ಪತ್ತು ಮೀರಬಾರದು ಆಡಳಿತ.
ಆಡಳಿತ ಅಂದರೆ ನಾನು, ಕರೆಂಟು, ಫಿನಾಯಿಲು,
ಮುನಿಆಂಜಿನಪ್ಪನ ಕಾಫಿ.
ಉಳಿದ ಎಂಬತ್ತು ವಿಚಾರಕ್ಕೆ.
ವಿಚಾರವೂ ದಿನಕ್ಕೆ ನಾಲ್ಕು ಸಲ ಕಾಫಿ ಕೇಳುತ್ತದೆ,
ಅದನ್ನು ಯಾವ ತಲೆಗೆ ಕಟ್ಟಲಿ?

ಈ ವರ್ಷದ ದೊಡ್ಡ ಮೊತ್ತ ಇಲ್ಲಿಯದೇ, ಹೂಳೆತ್ತುವ ಕಂಪನಿಯದು.
ಅವರು ಕೇಳಿದ್ದು ಏನೂ ಇಲ್ಲ.
'ಷರತ್ತಿಲ್ಲದ ದೇಣಿಗೆ' ಎಂದು ಪತ್ರದಲ್ಲಿ
ಎರಡು ಸಲ ಬರೆದಿದ್ದರು.
ಎರಡನೆಯ ಸಲ ಯಾಕೆ ಬರೆದರೋ.

ನಿಖತ್ ಎಂಟು ತಿಂಗಳು ಯಾವುದೋ ದ್ವೀಪದ ಬಂದರನ್ನು ಹಿಡಿದು ಕೂತು
ನೂರಹತ್ತು ಪುಟ ಬರೆದಳು. ನಲವತ್ತೊಂದನೆಯದರಲ್ಲಿ
ಅಲ್ಲಿ ಹೂಳೆತ್ತುವ ಅಗತ್ಯವೇ ಇಲ್ಲವೆಂಬ ಪ್ಯಾರಾ.
ಚೆಂಗಪ್ಪ ಸಾರ್, ಮೂರು ರಾಜಧಾನಿಗಳಲ್ಲಿ ಬಾವುಟ ಹಾರಿಸಿ ಬಂದವರು,
ಕನ್ನಡಕ ಒರೆಸಿದರು.
ಬೇಡ ಅನ್ನಲಿಲ್ಲ. ರಾಯಭಾರಿಗಳು ಬೇಡ ಅನ್ನುವುದಿಲ್ಲ.
'ಇದನ್ನು ಅಡಿಟಿಪ್ಪಣಿಯಲ್ಲಿ ಕೂರಿಸೋಣವೇ?
ಅಲ್ಲಿ ಅದಕ್ಕೆ ಹೆಚ್ಚು ನೆಮ್ಮದಿ' ಅಂದರು.

ಪ್ಯಾರಾ ಕೆಳಗಿಳಿಯಿತು. ಅಕ್ಷರ ಸಣ್ಣದಾಯಿತು.
ಹಿಂಬದಿ ರಟ್ಟಿನಲ್ಲಿ ಕಂಪನಿಯ ಗುರುತು
ಒಂದು ಬೆರಳು ಅಗಲವಾಯಿತು.
ಯಾರೂ ಯಾರಿಗೂ ಫೋನು ಮಾಡಿರಲಿಲ್ಲ, ನಾನೇ ಸಾಕ್ಷಿ:
ಫೋನಿನ ಬಿಲ್ಲೂ ನನ್ನ ಹತ್ತಿರವೇ ಬರುವುದು.

ಮೊದಲ ಪುಟದಲ್ಲಿ ಎಂದಿನ ಸಾಲು:
'ಇಲ್ಲಿನ ಅಭಿಪ್ರಾಯಗಳು ಲೇಖಕರವು, ಸಂಸ್ಥೆಯವಲ್ಲ.'
ಕಟ್ಟುಗಳನ್ನು ಹೊತ್ತು ತಂದ ಮುನಿಆಂಜಿನಪ್ಪ ಕೇಳಿದ,
'ಹಾಗಾದ್ರೆ ಸಂಸ್ಥೇದು ಎಲ್ಲಿಟ್ಟವ್ರೆ ಅಮ್ಮಾ?'
ಬೀರುವಿನ ಕೀಲಿ ನನ್ನ ಸೊಂಟದಲ್ಲಿದೆ ಅಂತ
ನನ್ನನ್ನೇ ಕೇಳಿದ.

ಇವತ್ತು ವರ್ಷ ಮುಗಿಯುವ ರಾತ್ರಿ.
ಒಂಬತ್ತಾದರೂ ನಿಖತ್ ಹೋಗಿಲ್ಲ. ನನ್ನ ಮೇಜಿಗೆ ಬಂದು
ರಬ್ಬರ್ ಸ್ಟಾಂಪು ತಿರುಗಿಸುತ್ತಾ ಕೇಳಿದಳು,
'ಮೇಡಂ, ನನ್ನ ಸಂಬಳ ಯಾರ ದುಡ್ಡು?'
ನನಗೆ ಗೊತ್ತು, ಪೈಸೆಯವರೆಗೆ, ಚೆಕ್ ನಂಬರಿನವರೆಗೆ.
'ಹೇಳಲಾ?' ಅಂದೆ.
ಸ್ಟಾಂಪು ಕೆಳಗಿಟ್ಟಳು. ಬೆರಳಿಗೆ ನೇರಳೆ ಬಣ್ಣ.
'ಬೇಡ' ಅಂದಳು,
ಬ್ಯಾಗಿನೊಳಗೆ ಬಹಳ ಹೊತ್ತು ಬಸ್ ಪಾಸು ಹುಡುಕಿದಳು.

ಬಂತು, ಹೋಯಿತು, ಉಳಿಯಿತು: ಇಷ್ಟೇ ನನ್ನ ಕಾಲಂಗಳು.
ಹಂಗು ಅನ್ನುವುದಕ್ಕೂ ಯಾರಾದರೂ ಗೆರೆ ಎಳೆದುಕೊಟ್ಟಿದ್ದರೆ
ತುಂಬುತ್ತಿದ್ದೆ, ರಸೀದಿ ಸಮೇತ.

ಕಡೆಯ ಕಾಗದ, ಹಣ ಬಳಕೆಯ ಪ್ರಮಾಣಪತ್ರ:
'ಯಾವ ಉದ್ದೇಶಕ್ಕೆ ಕೊಡಲಾಗಿತ್ತೋ
ಅದೇ ಉದ್ದೇಶಕ್ಕೆ ಪೂರ್ತಿ ವಿನಿಯೋಗವಾಗಿದೆ.'
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಓದಿ, ಸಹಿ ಹಾಕಿದೆ.